ಸಮುದ್ರದ ತಳದ ಕೆಸರು

“ಓರೆ ಮಾಡಿ, ಇನ್ನೂ ಸ್ವಲ್ಪ... ಅಯ್ಯೋ, ಗೋಡೆಗೆ ತಾಗಿಸಬೇಡಿ!”

ಮೆಟ್ಟಿಲ ತುದಿಯಲ್ಲಿ ನಿಂತು ತಂಗಿ ಕೂಗುತ್ತಿದ್ದಳು. ಅವಳ ಅಕ್ಕನನ್ನು ನಾಲ್ಕು ಜನ ಸ್ಟ್ರೆಚರಿನಲ್ಲಿ ಇಳಿಸುತ್ತಿದ್ದರು. ಕೆಳಗೆ ಶವದ ವ್ಯಾನು, ಅದರೊಳಗೆ ಗುರ್ರೆನ್ನುವ ತಂಪು ಪೆಟ್ಟಿಗೆ. ಸುಡು ಬೇಸಗೆ ಬೇರೆ.

ಅಕ್ಕ ಸಮುದ್ರ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದಳು. ಹೊಲಿಗೆ ಅಂಗಡಿ ನಡೆಸುವ ಈ ತಂಗಿಯ ಹೊರತು ಅವಳಿಗೆ ತನ್ನವರು ಎನ್ನುವವರಿರಲಿಲ್ಲ.

ಸಂಸ್ಥೆಯ ನಿರ್ದೇಶಕರು ಹತ್ತಿರ ಬಂದರು. “ದೊಡ್ಡ ನಷ್ಟಮ್ಮ. ಹಾಂ, ಒಂದು ಸಣ್ಣ ವಿಷಯ. ತಂಪು ಕೋಣೆಯ ಬೀಗದ ಕೈ ಅವರ ಹತ್ತಿರಾನೇ ಇತ್ತು. ನಾಳೆ ಅಲ್ಲಿರೋ ಹಳೇ ಕೆಸರನ್ನೆಲ್ಲ ಕಸಕ್ಕೆ ಹಾಕಿಸ್ಬೇಕು. ಆ ಜಾಗದಲ್ಲಿ ಸಭಾಂಗಣ ಬರ್ತಿದೆ.”

ಎಂಥ ದೊಡ್ಡ ಮನುಷ್ಯ, ಎಂಥ ಹೊತ್ತು ನೋಡಿ ಕೇಳಿದ! ತಂಗಿಗೆ ಮೈಯೆಲ್ಲ ಉರಿದುಹೋಯಿತು.

“ಹೆಣ ಇನ್ನೂ ಬಾಗಿಲು ದಾಟಿಲ್ಲ ಸಾರ್,” ಎಂದಳು. ಬೀಗದ ಕೈ ಅವಳ ಚೀಲದಲ್ಲೇ ಇತ್ತು.

*

ಆ ಕೆಸರಿನ ಕೆಲಸವನ್ನು ತಂಗಿ ಒಮ್ಮೆ ಹತ್ತಿರದಿಂದ ನೋಡಿದ್ದಳು. ಅಕ್ಕನ ಕೋಣೆಯಲ್ಲಿ ಎಂಥ ಸೆಕೆಗೂ ಫ್ಯಾನು ಹಾಕುವಂತಿಲ್ಲ. ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ತುಂಬಿ ತಂದ ಕೆಸರು ಅದು. ಅದನ್ನು ತೊಳೆದು ಜರಡಿ ಹಿಡಿದು, ಅಕ್ಕ ಒದ್ದೆ ಕುಂಚದ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದಳು.

“ಬಾ, ಸೂಕ್ಷ್ಮದರ್ಶಕದಲ್ಲಿ ನೋಡು. ಎಡಕ್ಕೆ ಸುತ್ತಿಕೊಂಡಿದೆಯಲ್ಲ, ಇದು ತಣ್ಣೀರಲ್ಲಿ ಬದುಕಿದ್ದ ಜೀವದ್ದು. ಬಲಕ್ಕೆ ಸುತ್ತಿದ್ದು ಅದರ ನೆಂಟ, ಅದಕ್ಕೆ ಬೆಚ್ಚಗಿರಬೇಕು. ಕೆಸರಲ್ಲಿ ಕೆಳಗೆ ಹೋದಷ್ಟೂ ಹಳೇ ಕಾಲ. ಯಾವ ಪದರದಲ್ಲಿ ಯಾರು ಜಾಸ್ತಿ ಅಂತ ನೋಡಿದ್ರೆ, ಸಾವಿರಾರು ವರ್ಷದ ಹಿಂದೆ ಸಮುದ್ರ ಯಾವಾಗ ಕಾದಿತ್ತು, ಯಾವಾಗ ತಣ್ಣಗಾಗಿತ್ತು ಅಂತ ಗೊತ್ತಾಗುತ್ತೆ.”

“ಹಾಗಾದ್ರೆ ಇವೂ ನನ್ನ ಹಾಗೆ ಎಡಚರು ಅನ್ನು! ಅಮ್ಮನ ಕೈಗೆ ಸಿಕ್ಕಿದ್ರೆ ಏಟು ಬೀಳ್ತಿತ್ತು.”

ಅಕ್ಕ ಗೊಳ್ಳೆಂದು ನಕ್ಕಳು. ಬೆಳಗಿನಿಂದ ಎತ್ತಿಟ್ಟ ಚಿಪ್ಪುಗಳೆಲ್ಲ ಆ ಉಸಿರಿಗೆ ಹಾರಿಹೋದವು. “ಹಾಳಾದವಳೇ, ನಡಿ ಆಚೆ!” ಎಂದು ಬೈಯುತ್ತ ಬೈಯುತ್ತಲೇ ಮತ್ತೆ ನಕ್ಕಳು.

ಆಸ್ಪತ್ರೆಯಲ್ಲಿ ಆ ನಗು ಇರಲಿಲ್ಲ. “ಅರ್ಧಕ್ಕರ್ಧ ಕೊಳವೆ ಇನ್ನೂ ತೆರೆದೇ ಇಲ್ಲ ಕಣೇ,” ಎಂದಿದ್ದಳು. “ಬಿಸಿಲಿಗೆ ಬಿದ್ದು ಒಣಗಿದ್ರೆ ಚಿಪ್ಪೆಲ್ಲ ಹಾಳು. ಅಷ್ಟು ಆಳದಿಂದ ಮತ್ತೆ ಯಾರು ತರ್ತಾರೆ?”

*

ಚಿತಾಗಾರದ ಬಾಗಿಲು ಮುಚ್ಚಿತು. ಹೊರಗೆ ಅಕ್ಕನ ಹಳೆಯ ಶಿಷ್ಯ, ಈಗ ಕಾಲೇಜು ಮೇಷ್ಟ್ರು, ಬಿಕ್ಕುತ್ತ ನಿಂತಿದ್ದ.

“ಕೊಳವೆ ನಮಗೆ ಕೊಡಿ ಅಂತ ಬೇಡಿಕೊಂಡೆ ಚಿಕ್ಕಮ್ಮ. ನಮ್ಮ ಕಾಲೇಜಲ್ಲಿ ತಂಪು ಕೋಣೆ ಇದೆ. ನಿರ್ದೇಶಕರು ಉತ್ತರಾನೇ ಕೊಡಲಿಲ್ಲ. ಈಗ ತರೋಣ ಅಂದ್ರೂ ತಂಪು ಗಾಡಿ ಎಲ್ಲಿಂದ ಬರಬೇಕು?”

ತಂಗಿ ಕಣ್ಣೊರೆಸಿಕೊಂಡು, ನೆರಳಲ್ಲಿ ನಿಂತಿದ್ದ ವ್ಯಾನನ್ನು ನೋಡಿದಳು.

“ಡ್ರೈವರಣ್ಣಾ, ಸಂಜೆವರೆಗೂ ಗಾಡಿ ನಮ್ಮದೇ ತಾನೆ?”

“ಹೌದಮ್ಮ. ಆದ್ರೆ ಇನ್ಯಾರಿದಾರೆ?”

“ತುಂಬಾ ಹಳಬರು. ನಡೀರಿ, ದಾರೀಲಿ ಹೇಳ್ತೀನಿ.”

ಸಂಸ್ಥೆಯ ತಂಪು ಕೋಣೆಯ ಬೀಗ ತೆಗೆದು, ತೆರೆಯದ ಕೊಳವೆಗಳನ್ನು ಒಂದೊಂದಾಗಿ ವ್ಯಾನಿನ ಪೆಟ್ಟಿಗೆಯಲ್ಲಿ ಮಲಗಿಸುವಷ್ಟರಲ್ಲಿ ನಿರ್ದೇಶಕರ ಕಾರು ಬಂದು ನಿಂತಿತು.

“ಏನಮ್ಮಾ ಇದು? ಇದು ಸಂಸ್ಥೆಯ ಆಸ್ತಿ!”

“ಬೆಳಿಗ್ಗೆ ಕಸ ಅಂದ್ರಿ, ಮಧ್ಯಾಹ್ನಕ್ಕೆ ಆಸ್ತಿ ಆಗೋಯ್ತಾ?” ತಂಗಿ ಸೊಂಟಕ್ಕೆ ಕೈಕೊಟ್ಟು ನಿಂತಳು. “ಯಾವುದಾದ್ರೂ ಒಂದು ಹೇಳಿ ಸಾರ್. ಆಸ್ತಿ ಅಂದ್ರೆ ಈಗಲೇ ಒಳಗಿಡ್ತೀನಿ, ಎಸೆಯಲ್ಲ ಅಂತ ಇವರೆಲ್ಲರ ಎದುರಿಗೆ ಮಾತು ಕೊಡಿ. ಕಸ ಅಂದ್ರೆ ದಾರಿ ಬಿಡಿ.”

ಅಕ್ಕನ ಜೊತೆ ಕೆಲಸ ಮಾಡಿದವರೆಲ್ಲ ವರಾಂಡದಲ್ಲಿ ನಿಂತಿದ್ದರು. ನಿರ್ದೇಶಕರು ಅವರತ್ತ ತಿರುಗಿದರು. ಅವರಲ್ಲೊಬ್ಬರು ಇಳಿದು ಬಂದು ಪೆಟ್ಟಿಗೆಯ ಮುಚ್ಚಳ ಹಾಕಿದರು.

“ಬೀಗದ ಕೈನಾದ್ರೂ ಕೊಟ್ಟು ಹೋಗಿ,” ಎಂದರು ಕೊನೆಗೆ, ಪಕ್ಕಕ್ಕೆ ಸರಿಯುತ್ತ.

“ಉಳಿದದ್ದಕ್ಕೆ ಇನ್ನೊಂದು ಸಲ ಬರಬೇಕಲ್ಲ. ಆಮೇಲೆ ಕೊಡ್ತೀನಿ.”

ವ್ಯಾನು ಮುಖ್ಯರಸ್ತೆಗೆ ಬಂತು. ಚೌಕದ ಪೊಲೀಸಿನವನು ಅದನ್ನು ಕಂಡದ್ದೇ ಎರಡೂ ಕಡೆಯ ವಾಹನಗಳನ್ನು ತಡೆದು, ಟೋಪಿ ತೆಗೆದು ತಲೆಬಾಗಿದ. ಬಸ್ ನಿಲ್ದಾಣದಲ್ಲಿ ಕೂತಿದ್ದವರೂ ಎದ್ದು ನಿಂತರು. ತಂಗಿ ಪೆಟ್ಟಿಗೆಯ ಮೇಲೆ ಎಡಗೈ ಇಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಳು. ಒಳಗೆ ಕೆಸರು ತಣ್ಣಗಿತ್ತು.