ಒಲೆಗೆ ಹೋದ ಗಾಲಿಯ ಕಲ್ಲು

ಸ್ಕಂದಗಿರಿಯ ಬುಡದಲ್ಲಿ ಮುನಿವೆಂಕಟಪ್ಪನ ಹೊಲ. ಬೆಟ್ಟ ಹತ್ತಲು ಬರುವವರು ತಮ್ಮ ಕ್ಯಾರವಾನನ್ನು, ಅಂದರೆ ಒಳಗೇ ಮಲಗುವ ಮನೆಯಂಥ ವ್ಯಾನನ್ನು, ಅಲ್ಲಿ ನಿಲ್ಲಿಸುತ್ತಾರೆ. ಹೆಂಡತಿ ಓಬಳಮ್ಮ ಅವರಿಗೆ ಮುದ್ದೆ, ಸಾರು ಮಾಡಿಕೊಡುತ್ತಾಳೆ. ಎಲ್ಲ ಸರಿ, ಆದರೆ ಹೊಲ ಇಳಿಜಾರು.

ಆ ಭಾನುವಾರ ಬಂದ ವ್ಯಾನು ಬೆಟ್ಟಕ್ಕೆ ಮುಖ ಮಾಡಿ ನಿಂತಿತು. ಹಿಂಭಾಗ ತಗ್ಗು. "ಮಲಗಿದ್ರೆ ಜಾರ್ತೀವಲ್ಲ" ಎಂದು ಗೊಣಗಿ ಬಂದವರು ಬೆಟ್ಟಕ್ಕೆ ಹೋದರು. ಮುನಿವೆಂಕಟಪ್ಪ ಹಿಂಭಾಗಕ್ಕೆ ಜಾಕ್ ಕೊಟ್ಟು ಎತ್ತಿದ. ಮುಂದಿನ ಗಾಲಿಗಳ ಹಿಂದೆ ಎರಡು ಕಲ್ಲು ಇಟ್ಟ.

ಓಬಳಮ್ಮನ ತಮ್ಮ ಮೋಹನ್‌ಬಾಬು ಲಾರಿ ಡ್ರೈವರ್. ನೋಡಿದವನೇ ಗಾಬರಿಯಾದ.

"ಭಾವ, ಹಿಂದಿನ ಗಾಲಿ ನೆಲ ಬಿಟ್ಟೈತೆ. ಹ್ಯಾಂಡ್‌ಬ್ರೇಕ್ ಹಿಡಿಯೋದು ಅದನ್ನೇ. ಜಾಕ್ ಇಳ್ಸಿ. ತಗ್ಗಿನ ಗಾಲಿ ದಪ್ಪ ಹಲಗೆ ಮೇಲೆ ಹತ್ತಿಸಣ. ಆಮೇಲೆ ಎಲ್ಲಾ ಗಾಲಿಗೂ ಮರದ ಬೆಣೆ. ವ್ಯಾನಿನ ಮೂಲೆಯಾಗಿರೋ ಕಬ್ಬಿಣದ ಕಾಲು ಇಳ್ಸೋದು ಕೊನೇಗೆ. ಅವು ಅಲ್ಲಾಡದಂಗೆ ಹಿಡಿಯೋಕೆ, ಭಾರ ಹೊರೋಕಲ್ಲ."

"ಎತ್ತಿನ ಗಾಡಿಗೆ ಕಲ್ಲು ಕೊಟ್ಟು ಬೆಳ್ದೋನು ನಾನು. ನನಗೇ ಪಾಠ ಹೇಳ್ತೀಯೇನೋ? ಹಲಗೆ ಬೇಕಂದ್ರೆ ನೀನೇ ತಗೊಂಬಾರಪ್ಪ."

ಮೋಹನ್‌ಬಾಬು ಹಲಗೆ ತರಲು ಓಡಿದ. ಗಾಳಿ ತಾಕದಿರಲೆಂದು ಓಬಳಮ್ಮ ವ್ಯಾನಿನ ಹಿಂದೆಯೇ ಒಲೆ ಹೂಡುತ್ತಿದ್ದಳು.

"ಒಲೆಗೆ ಒಂದು ಕಲ್ಲು ಕಮ್ಮಿ ಬಂತಲ್ಲ."

"ತಗೋ" ಎಂದು ಮುನಿವೆಂಕಟಪ್ಪ ಗಾಲಿಯ ಕಲ್ಲೊಂದನ್ನು ಕಿತ್ತುಕೊಟ್ಟ. ಇನ್ನೊಂದು ಇದೆಯಲ್ಲ ಅಂತ ಧೈರ್ಯ! ಆ ಇನ್ನೊಂದು ಉತ್ತ ಮಣ್ಣಿನಲ್ಲಿ ಜಾರಿತು. ಜಾಕ್ ಮಗುಚಿತು. ವ್ಯಾನು ಹಿಂದಕ್ಕೆ ಉರುಳಿ ಓಬಳಮ್ಮನ ಬಲಗಾಲಿನ ಮೇಲೆ ಹತ್ತಿತು.

ವ್ಯಾನು ವಾರದಲ್ಲಿ ರಿಪೇರಿಯಾಯಿತು. ಓಬಳಮ್ಮನ ಕಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿ ತೆಗೆದರು. ವ್ಯಾನಿನವರು ಒಂದು ಸಲ ಫೋನ್ ಮಾಡಿ ವಿಚಾರಿಸಿದರು, ಅಷ್ಟೇ.

ಈಗ ಮುನಿವೆಂಕಟಪ್ಪ ಹಲಗೆ, ಬೆಣೆ ಇಲ್ಲದೆ ಯಾವ ವ್ಯಾನನ್ನೂ ನಿಲ್ಲಿಸಗೊಡುವುದಿಲ್ಲ. ತಗ್ಗಿನ ಕಡೆ ಯಾರನ್ನೂ ಕೂರಗೊಡುವುದಿಲ್ಲ. ಯಾರೂ ತೆಗೆಯದಿರಲೆಂದು ಬೆಣೆಗಳಿಗೆ ಕೆಂಪು ಬಣ್ಣ ಬಳಿದಿದ್ದಾನೆ.

"ಬಣ್ಣ ಚೆನ್ನಾಗೈತೆ" ಎನ್ನುತ್ತಾಳೆ ಓಬಳಮ್ಮ, ಜಗಲಿಯಲ್ಲಿ ಕುಳಿತು. "ನನ್ ಕಾಲಿದ್ದಾಗ ಬಳೀಬೇಕಿತ್ತು."

ಅವನು ಬೆಣೆಗೆ ಇನ್ನೊಂದು ಏಟು ಹೊಡೆದು ಬಿಗಿ ಮಾಡುತ್ತಾನೆ.

ವ್ಯಾನು ತರುವವರೇ, ಜಾಗ ಕೊಡುವವರೇ, ಮೊದಲು ಸಮತಟ್ಟು ನೆಲ ಹುಡುಕಿ. ಸಿಗದಿದ್ದರೆ ಹಲಗೆ ಹಾಕಿ, ಬೆಣೆ ಕೊಡಿ, ಆಮೇಲಷ್ಟೇ ಕಬ್ಬಿಣದ ಕಾಲು ಇಳಿಸಿ. ಜಾಕಿನಿಂದ ಎತ್ತಿ ಮಟ್ಟ ಮಾಡಬೇಡಿ. ಗಾಲಿಗೆ ಕೊಟ್ಟಿದ್ದನ್ನು ವ್ಯಾನು ಹೊರಡುವ ತನಕ ಮುಟ್ಟಬೇಡಿ. ಒಲೆಗೆ ಕಲ್ಲು ಬೇಕೇ? ಬೆಟ್ಟದ ತುಂಬ ಬಿದ್ದಿವೆ, ಹೋಗಿ ತನ್ನಿ.