ಬೋರಲು ಇಟ್ಟ ಡಬ್ಬಿಗಳು

"ಈ ಎಣ್ಣೆ ಡಬ್ಬ ಐವತ್ತು ಡಾಲರು, ಗೊತ್ತಾ ನಿಂಗೆ? ಈ ನೆಲಕ್ಕೆ ಕೋಟಿಂಗ್ ಹಾಕ್ಸಿದ್ದು ನಾಲ್ಕು ಸಾವಿರ, ನೋಡು ಎಂಥ ಕಲೆ ಬಿದ್ದಿದೆ. ಇನ್ನು ಮಹಾರಾಣಿಗೆ ಆಂಬುಲೆನ್ಸ್ ಬೇರೆ ಬೇಕಾ? ಅದು ಬಂದು ಬಾಗಿಲಲ್ಲಿ ನಿಂತ್ರೇನೇ ಮೂರು ಸಾವಿರ. ಒಂದು ರಾತ್ರಿ ಒಳಗೆ ಮಲಗಿಸ್ಕೊಂಡ್ರೆ ಹದಿನೈದು ಸಾವಿರ. ನಿನ್ನ ಇಡೀ ಮೈ ಮಾರಿದ್ರೂ ಅಷ್ಟು ಹುಟ್ಟಲ್ಲ ಕಣೇ, ದರಿದ್ರ ಮುಂಡೆ."

ಶಿವಪ್ರಕಾಶ್ ಹೀಗೆ ಒಂದೊಂದರ ಬೆಲೆ ಹೇಳುತ್ತಿದ್ದಾಗ ಲಿಂಗಮ್ಮ ಬಲಗೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ನಿಂತಿದ್ದಳು. ಬಾಣಲೆಯ ಕಿವಿ ಕಳಚಿ ಕಾದ ಎಣ್ಣೆ ಅವಳ ಮುಂಗೈ ಮೇಲೆ ಸುರಿದಿತ್ತು. ಆ ಕಿವಿ ಸಡಿಲವಾಗಿದೆ ಎಂದು ನಾವು ಹಿಂದೆಯೇ ಹೇಳಿದ್ದೆವು. ಅವನು ಅದಕ್ಕೆ ತಂತಿ ಸುತ್ತಿ ಕೊಟ್ಟಿದ್ದ.

ಲಿಂಗಮ್ಮ ಅಳಲಿಲ್ಲ. ಹಲ್ಲು ಕಚ್ಚಿಕೊಂಡೇ, "ವಡೆ ಏನೂ ಆಳಾಗಿಲ್ಲ ಸಾ. ತಟ್ಟೇಲಿ ತೆಗ್ದಿಟ್ಟಿವ್ನಿ," ಅಂದಳು.

ನಾನು ಒಲೆ ಆರಿಸಿ ಅವಳ ಪಕ್ಕಕ್ಕೆ ಹೋದೆ. "ಸಾಹೇಬ್ರ, ಚರ್ಮ ಕಳಚಾಕತ್ತೈತ್ರಿ. ದವಾಖಾನಿಗೆ ಒಯ್ಯೂನ್ರಿ," ಎಂದೆ.

"ಒಯ್ಯಿ. ಬಾಗಿಲಲ್ಲೇ ಪಾಸ್‌ಪೋರ್ಟ್ ಕೇಳ್ತಾರೆ. ವೀಸಾ ಮುಗಿದು ಯಾವ ಕಾಲ ಆಯ್ತು? ಅಲ್ಲಿಂದ ಸೀದಾ ಜೈಲು, ಮೂರೂ ಜನಕ್ಕೂ. ನಾನು ನಿಮ್ಮನ್ನ ಕಾಪಾಡ್ಕೊಂಡು ಕೂತಿದೀನಿ, ನೆನಪಿರ್ಲಿ."

ಅವನು ಮಹಡಿಗೆ ಹೋಗಿ ಒಂದು ಟೂತ್‌ಪೇಸ್ಟ್ ತಂದುಕೊಟ್ಟ. ಅರ್ಧ ಖಾಲಿಯಾದದ್ದು.

ಅದು ಮಂಗಳವಾರ. ಸ್ಯಾನ್ ಹೊಸೆಯ ಆ ಮನೆಯನ್ನು ಹೊರಗಿನಿಂದ ನೋಡಿದವರಿಗೆ ನಿಂಬೆ ಗಿಡ, ಕತ್ತರಿಸಿದ ಹುಲ್ಲು, ಬಿಳಿ ಗ್ಯಾರೇಜ್ ಬಾಗಿಲು ಕಾಣುತ್ತಿತ್ತು. ಬಾಗಿಲ ಹಿಂದೆ ಕಾರಿರಲಿಲ್ಲ. ನಾಲ್ಕು ಒಲೆ, ಎರಡು ಗ್ರೈಂಡರ್, ಗೋಡೆ ತುಂಬ ಸ್ಟೀಲ್ ಡಬ್ಬಿಗಳ ರ್‍ಯಾಕು, ಮತ್ತು ನಾವು ಮೂವರು. ಹತ್ತಿರದ ಮೌಂಟನ್ ವ್ಯೂ ಊರಿನ ಆಫೀಸುಗಳಿಗೆ ಮನೆಯೂಟದ ಡಬ್ಬಿ ಹೋಗುತ್ತಿದ್ದುದು ಇಲ್ಲಿಂದಲೇ. ಪ್ಲಾಸ್ಟಿಕ್ ಮುಟ್ಟದ ಡಬ್ಬಿ ಎಂದು ಗಿರಾಕಿಗಳಿಗೆ ಅದರ ಮೇಲೆ ಬಹಳ ಪ್ರೀತಿ. ಖಾಲಿ ಡಬ್ಬಿ ಸಂಜೆ ವಾಪಸು ಬರುತ್ತಿತ್ತು. ನಾವು ತೊಳೆದು ಇಡುತ್ತಿದ್ದೆವು.

ನಾನು ಖುರ್ಷಿದ್, ಬಾಗಲಕೋಟೆ ಕಡೆಯವಳು. ಲಿಂಗಮ್ಮ ಮಂಡ್ಯದ ಹತ್ತಿರದವಳು. ಇಬ್ಬರನ್ನೂ ಶಿವಪ್ರಕಾಶನ ನೆಂಟರು ತಮ್ಮ ಮಗುವನ್ನು ನೋಡಿಕೊಳ್ಳಲು ಎಂದು ವಿಸಿಟಿಂಗ್ ವೀಸಾದಲ್ಲಿ ಕರೆತಂದಿದ್ದರು. ಮಗು ಡೇಕೇರಿಗೆ ಹೋಗತೊಡಗಿದ ಮೇಲೆ ನಮ್ಮನ್ನು ಶಿವಪ್ರಕಾಶನ ಗ್ಯಾರೇಜಿಗೆ ಇಳಿಸಿದರು. ಮಾಗಡಿ ಕಡೆಯ ವೆಂಕಟಮ್ಮ ನಮಗಿಂತ ಮೊದಲೇ ಹೀಗೇ ಇಳಿದಿದ್ದವಳು. ಮೂವರ ಪಾಸ್‌ಪೋರ್ಟೂ ಮಹಡಿಯ ಕೋಣೆಯ ಕಪಾಟಿನಲ್ಲಿತ್ತು. ಕಳೆದುಹೋಗಬಾರದಲ್ಲ, ಅದಕ್ಕೆ ಎಂದು ಅವನು ಹೇಳಿದ್ದ. ಈ ಮಾತನ್ನು ನಾನು ಮೊದಲೂ ಒಂದು ದೇಶದಲ್ಲಿ ಕೇಳಿದ್ದೆ.

ಮಾರನೆಯ ದಿನ ನವ್ಯಾ ಬಂದಳು. ಶನಿವಾರ ಕ್ಯಾಂಪ್‌ಬೆಲ್ಲಿನ ಶಾಲೆಯ ಹಾಲಿನಲ್ಲಿ ಕನ್ನಡದವರ ದೊಡ್ಡ ಕಾರ್ಯಕ್ರಮವಿತ್ತು. ಊಟ ಶಿವಪ್ರಕಾಶನದು, ಮಿಕ್ಕ ಏರ್ಪಾಡು ನವ್ಯಾಳದು. ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ, ಒಳ್ಳೆಯ ಮನಸ್ಸಿನವಳು, ನಮ್ಮನ್ನು ಆಂಟಿ ಎಂದು ಕರೆಯುತ್ತಿದ್ದಳು. ಮೆನು ಮಾತಾಡುತ್ತ ಅವಳು ಕಾರ್ಯಕ್ರಮ ಯಾತಕ್ಕೆ ಎಂದು ಹೇಳಿದಳು. ಪೆಟ್ರೋಲು ಎಣ್ಣೆ ಸಿಗುವ ಒಂದು ಪುಟ್ಟ ದೇಶದಲ್ಲಿ ದೊರೆಯ ವಿರುದ್ಧ ಜನ ಮತ್ತೆ ಬೀದಿಗೆ ಬಂದಿದ್ದಾರೆ, ಅಲ್ಲಿ ದುಡಿಯುವ ನಮ್ಮವರನ್ನು ಕ್ಯಾಂಪುಗಳಲ್ಲಿ ಕೂಡಿಹಾಕಿದ್ದಾರೆ, ಅವರ ಪರವಾಗಿ ಫೋಟೋ ಪ್ರದರ್ಶನ, ಮೇಣದ ಬತ್ತಿ, ಒಂದು ಠರಾವು.

ಖುರ್ಷಿದ್ ಆ ದೇಶದಲ್ಲಿದ್ದವಳೇ ಎಂದು ವೆಂಕಟಮ್ಮ ಬಾಯಿಬಿಟ್ಟಳು.

ನವ್ಯಾಳ ಕಣ್ಣು ಅರಳಿತು. ಹಿಂದಿನ ಗಲಾಟೆಯ ಹೊತ್ತಿನಲ್ಲಿ ಅಲ್ಲಿದ್ದೆನೆ, ಏನೇನು ಕಂಡೆ, ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತಿತ್ತು ಎಂದೆಲ್ಲ ಕೇಳಿದಳು. ನಾನು ಹೇಳಿದ ಹಾಗೆಲ್ಲ ಅವಳ ಮುಖ ಸಿಟ್ಟಿನಿಂದ ಕೆಂಪಾಯಿತು. ಸ್ಟೇಜಿನ ಮೇಲೆ ಬಂದು ಎರಡು ಮಾತು ಹೇಳಲೇಬೇಕೆಂದಳು. ಶಿವಪ್ರಕಾಶ್ ಪಕ್ಕದಲ್ಲೇ ನಿಂತು ತಲೆ ಆಡಿಸುತ್ತಿದ್ದ. ಲಿಂಗಮ್ಮ ಬಟ್ಟೆ ಸುತ್ತಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಡಗೈಯಿಂದ ಬೀನ್ಸ್ ಮುರಿಯುತ್ತಿದ್ದಳು. ನವ್ಯಾ ಅವಳಿಗೂ ಒಂದು ನಗೆ ನಕ್ಕು ಹೋದಳು.

ಆ ದೇಶದಲ್ಲಿ ನಾನು ಆಸ್ಪತ್ರೆ ತೊಳೆಯುವ ಕಂಪನಿಯಲ್ಲಿದ್ದೆ. ಕೆಲಸಗಾರರು ಮಲಗುವ ಕ್ಯಾಂಪಿನಿಂದ ಬಸ್ಸಿನಲ್ಲಿ ಒಯ್ದು ಬಸ್ಸಿನಲ್ಲಿ ತರುತ್ತಿದ್ದರು. ಗಲಾಟೆ ಶುರುವಾದ ಮೇಲೆ ಗುಂಡು ತಗಲಿದವರು, ಅಶ್ರುವಾಯುವಿನ ಹೊಗೆಗೆ ಕಣ್ಣು ಕಳೆದುಕೊಂಡವರು ಸಾಲಾಗಿ ಬಂದರು. ಹಿಂದೆಯೇ ಸಿಪಾಯಿಗಳು ಬಂದರು. ನಾನು ನೆಲದ ರಕ್ತ ಒರೆಸುತ್ತಿದ್ದೆ. ಒಬ್ಬ ಸಿಪಾಯಿ ಬೂಟು ಕಾಲನ್ನು ನನ್ನ ಬಕೆಟ್ಟಿನ ಮೇಲೆ ಇಟ್ಟು ಬೆರಳಿನಲ್ಲೇ ತೋರಿಸಿದ, ಇದನ್ನೂ ಒರೆಸು ಎಂದು. ಒರೆಸಿದೆ. ಗಾಯದವರಿಗೆ ನೀರು ಕೊಟ್ಟ ತಪ್ಪಿಗೆ ಆ ಊರಿನ ನರ್ಸ್ ಒಬ್ಬಳನ್ನು ಕೂದಲು ಹಿಡಿದು ಎಳೆದೊಯ್ದರು. ಅವಳು ಮತ್ತೆ ಬರಲಿಲ್ಲ.

ನಮ್ಮನ್ನು ಕ್ಯಾಂಪಿಗೆ ಕಳಿಸುವುದನ್ನೇ ನಿಲ್ಲಿಸಿದರು. ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಮಲಗಿಸಿ ಹೊರಗಿನಿಂದ ಬೀಗ. ಸ್ಟ್ರೈಕು ಎಂಬ ಮಾತು ಆಡಿದರೆ ಅಂದೇ ಊರಿಗೆ ವಿಮಾನ. ಅದಕ್ಕೇ ಯಾರೂ ಆಡಲಿಲ್ಲ. ಒಂದು ಬೆಳಿಗ್ಗೆ ಒಬ್ಬ ನೇಪಾಳಿ ಹೆಂಗಸು ತನ್ನ ಊಟದ ಡಬ್ಬಿಯನ್ನು ಕಟ್ಟೆಯ ಮೇಲೆ ಬೋರಲು ಇಟ್ಟು ಪಕ್ಕದಲ್ಲಿ ಕೈಕಟ್ಟಿ ಕೂತಳು. ಊಟ ಬೇಡ, ಕೆಲಸವೂ ಇಲ್ಲ. ಸ್ವಲ್ಪ ಹೊತ್ತಿಗೆ ಆ ಕಟ್ಟೆ ಉದ್ದಕ್ಕೂ ಡಬ್ಬಿಗಳೆಲ್ಲ ಬೋರಲಾದವು. ಯಾರು ಶುರು ಮಾಡಿದ್ದು ಎಂದು ಮೇಸ್ತ್ರಿ ಒಬ್ಬೊಬ್ಬರನ್ನೂ ಕೇಳಿದ. ತೊಳೆದು ಒಣಗಲಿಕ್ಕೆ ಇಟ್ಟಿದ್ದು ಎಂದು ಎಲ್ಲರೂ ಹೇಳಿದೆವು, ಏಳೆಂಟು ಭಾಷೆಗಳಲ್ಲಿ. ಮರುದಿನ ಬೀಗ ತೆಗೆದರು. ಆಮೇಲೆ ಕೆಲವರನ್ನು ಆರಿಸಿ ಅವರವರ ಊರಿಗೆ ಅಟ್ಟಿದರು. ಅದರಲ್ಲಿ ನಾನೂ ಒಬ್ಬಳು.

ಶುಕ್ರವಾರದ ಹೊತ್ತಿಗೆ ಲಿಂಗಮ್ಮನ ಕೈಯಿಂದ ವಾಸನೆ ಬರತೊಡಗಿತ್ತು. ಒಗ್ಗರಣೆಯ ಘಾಟಿನಲ್ಲೂ ಅದು ಮುಚ್ಚಿಹೋಗಲಿಲ್ಲ. ಎರಡು ಬೆರಳು ಕಪ್ಪಗಾಗಿದ್ದವು. ಅವಳಿಗೆ ಜ್ವರ, ಆದರೂ ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದಳು. ನಾನು ಮತ್ತೆ ಶಿವಪ್ರಕಾಶನ ಹತ್ತಿರ ಹೋದೆ. ಶನಿವಾರದ್ದು ಮುಗಿಯಲಿ, ಸೋಮವಾರ ನೋಡೋಣ ಎಂದ. ಸೋಮವಾರಕ್ಕೆ ಕೈ ಇರುವುದಿಲ್ಲ ಎಂದೆ. ಹಾಗಾದರೆ ಒಂದು ಕೈಯಲ್ಲಿ ಬಡಿಸಲಿ ಎಂದು ಫೋನು ಕಿವಿಗಿಟ್ಟುಕೊಂಡ.

ಡಬ್ಬಿಯ ವಿಷಯ ಇಬ್ಬರಿಗೂ ಹೇಳಿ, ನಾವೂ ಹಾಗೇ ಮಾಡೋಣ ಎಂದೆ. ವೆಂಕಟಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು.

"ನಂಗ್ ಇದೆಲ್ಲ ಬ್ಯಾಡ ಕಣೆ ಖುರ್ಷಿದ್. ನನ್ ಮಗಳ ಮನೆ ಒಲೆ ಉರೀತಿರೋದು ಇಲ್ಲಿಂದ್ಲೇ. ನೀನು ಯಾವ್ದೋ ದೇಸದಲ್ಲಿ ಹಿಂಗೇ ಮಾಡಿ ಒದೆಸ್ಕೊಂಡು ಬಂದೋಳು."

"ಹೌದು, ಒದಿಸ್ಕೊಂಡೆ. ಬಾಗಲದ ಕೀಲೀನೂ ತಗದ್ರು."

ಲಿಂಗಮ್ಮ ಕೈ ನೋಡಿಕೊಂಡಳು. "ಬುಡಿ, ನನ್ ಕೈಗೋಸ್ಕರ ನೀವಿಬ್ರೂ ಯಾಕ್ ಬೀದಿಗ್ ಬೀಳದು?" ಅಂದಳು. ಕಪ್ಪಾದ ಬೆರಳನ್ನು ಎಡಗೈಯಿಂದ ಒತ್ತಿ, "ಅಕ್ಕ, ಬೆರಳು ಮುಟ್ಟುದ್ರೆ ಗೊತ್ತೇ ಆಗ್ತಿಲ್ಲ," ಎಂದಳು.

ಶನಿವಾರ ಹಾಲಿನ ಉದ್ದಕ್ಕೂ ಮೇಜು ಹಾಕಿ ಖಾಲಿ ಡಬ್ಬಿ ಜೋಡಿಸಿದ್ದರು. ಬಿಸಿ ಊಟವನ್ನು ಅಲ್ಲೇ ತುಂಬಿ ಒಬ್ಬೊಬ್ಬರ ಕೈಗೆ ಕೊಡಬೇಕು. ಗೋಡೆಯ ಮೇಲೆ ಫೋಟೋಗಳಿದ್ದವು. ಬಂಕ್ ಮಂಚ, ಹಗ್ಗದ ಮೇಲೆ ಒಗೆದ ಬಟ್ಟೆ, ಬಸ್ಸಿನ ಕಿಟಕಿಯಲ್ಲಿ ಮುಖಗಳು. ಜನ ಬಂದು ನೋಡಿ ಲೊಚಗುಟ್ಟುತ್ತಿದ್ದರು.

ನಾನು ಒಂದು ತುದಿಯಿಂದ ಡಬ್ಬಿಗಳನ್ನು ಬೋರಲು ಹಾಕುತ್ತ ಹೋದೆ. ಲಿಂಗಮ್ಮ ಎಡಗೈಯಲ್ಲಿ ಇನ್ನೊಂದು ತುದಿಯಿಂದ ಬಂದಳು. ನಡುವಿನ ಸಾಲಿನ ಮುಂದೆ ವೆಂಕಟಮ್ಮ ಸೌಟು ಹಿಡಿದು ನಿಂತಿದ್ದಳು. ನಾವು ಅವಳನ್ನು ನೋಡಲಿಲ್ಲ. ತಿರುಗಿ ನೋಡಿದಾಗ ಅವಳ ಸಾಲೂ ಬೋರಲಾಗಿತ್ತು. ಮೂವರೂ ಕೈಕಟ್ಟಿ ನಿಂತೆವು.

ಶಿವಪ್ರಕಾಶ್ ಹತ್ತಿರ ಬಂದ. ಸುತ್ತ ಜನ ಇದ್ದುದರಿಂದ ನಗುತ್ತಲೇ, "ಏನೇ ಇದು ಬೇವರ್ಸಿಗಳಾ?" ಎಂದು ಹಲ್ಲಿನ ಸಂದಿಯಲ್ಲಿ ಕೇಳಿದ.

"ಇವತ್ತ ಬಡಸಂಗಿಲ್ರಿ. ಲಿಂಗವ್ವನ್ನ ದವಾಖಾನಿಗೆ ಕಳಸ್ರಿ, ಆಮ್ಯಾಲ ಬಡಸ್ತೀವಿ."

ಅಷ್ಟರಲ್ಲಿ ಟೀಶರ್ಟ್ ಹಾಕಿಕೊಂಡ ಸ್ವಯಂಸೇವಕರು ಬಂದರು. ಧೂಳು ಬೀಳದ ಹಾಗೆ ಮುಚ್ಚಿಟ್ಟಿದ್ದಾರೆ, ಎಷ್ಟು ನೀಟು ನೋಡು ಎಂದು ಒಬ್ಬಾಕೆ ಮೆಚ್ಚಿದಳು. ಎಲ್ಲರೂ ಸೇರಿ ಒಂದೊಂದೇ ಡಬ್ಬಿಯನ್ನು ಎತ್ತಿ ಅಂಗಾತ ಮಾಡಿ, ಟಿಶ್ಯೂನಿಂದ ಒರೆಸಿ, ಸಾಲಾಗಿ ಇಟ್ಟರು. ಅವರೇ ಅನ್ನವನ್ನೂ ಬಡಿಸತೊಡಗಿದರು. ನಮಗೆ ಕುರ್ಚಿ ತಂದುಕೊಟ್ಟು, ನೀವು ದಣಿದಿದ್ದೀರಿ, ಕೂತುಕೊಳ್ಳಿ ಎಂದರು.

ಆ ದೇಶದ ಮೇಸ್ತ್ರಿ ಓದು ಬರಹ ಬಾರದವನು. ಅವನಿಗೆ ನೋಡಿದ ಕೂಡಲೇ ತಿಳಿದಿತ್ತು.

ಶಿವಪ್ರಕಾಶ್ ಈಗ ನಿಜವಾಗಿಯೇ ನಕ್ಕ. ಸ್ಟೇಜಿನಿಂದ ನನ್ನ ಹೆಸರು ಕರೆದರು. "ಅಲ್ಲಿದು ಮಾತ್ರ ಹೇಳು," ಎಂದು ಅವನು ಕಿವಿಯ ಹತ್ತಿರ ಬಗ್ಗಿ ಹೇಳಿದ, "ಇಲ್ಲಿದು ಒಂದು ಮಾತು ಬಂತೋ, ಪಾಸ್‌ಪೋರ್ಟ್ ಸುಟ್ಟು ಹಾಕ್ತೀನಿ."

ನವ್ಯಾ ನನ್ನ ಭುಜದ ಮೇಲೆ ಕೈಯಿಟ್ಟು ಮೈಕು ಹಿಡಿದಳು. "ಆಂಟಿ, ಅಲ್ಲಿ ನಿಮ್ಮ ಪಾಸ್‌ಪೋರ್ಟ್ ಯಾರ ಹತ್ರ ಇರ್ತಿತ್ತು, ಎಲ್ಲರಿಗೂ ಹೇಳಿ."

"ಅಲ್ಲೆ ಕಂಪನಿ ಕಪಾಟಿನ್ಯಾಗ ಇತ್ರಿ. ಇಲ್ಲೆ ಶಿವಪ್ರಕಾಶ್ ಸಾಹೇಬ್ರ ಮನ್ಯಾಗ, ಮ್ಯಾಲಿನ ಖೋಲಿ ಕಪಾಟಿನ್ಯಾಗ ಐತ್ರಿ."

ಯಾರೋ ನಕ್ಕರು. ಮುದುಕಿ ಗೊಂದಲ ಮಾಡಿಕೊಂಡಿದ್ದಾಳೆ ಎಂದುಕೊಂಡಿರಬೇಕು. ನವ್ಯಾ ಮೆಲ್ಲಗೆ, "ಅಲ್ಲ ಆಂಟಿ, ಅಲ್ಲಿದು ಹೇಳಿ," ಅಂದಳು.

"ಅಲ್ಲಿದ ಹೇಳೀನ್ರಿ. ಅಲ್ಲೆ ನಮಗ ಕೀಲಿ ಹಾಕಿದ್ರು. ಇಲ್ಲೆ ಕೀಲಿ ಇಲ್ರಿ, ಹೊರಗ ಹೋದ್ರ ಪೊಲೀಸ್ರು ಹಿಡೀತಾರ ಅಂತ ಹೇಳ್ಯಾರ. ಅಲ್ಲೆ ಮೈ ಸುಟ್ಕೊಂಡ್ರ ದವಾಖಾನಿ ಇತ್ತು. ಇಲ್ಲೆ ಟೂತ್‌ಪೇಸ್ಟ್ ಕೊಟ್ರು. ಲಿಂಗವ್ವ, ಬಾ ಇಲ್ಲೆ. ಬಟ್ಟಿ ಬಿಚ್ಚು."

ಲಿಂಗಮ್ಮ ಕುರ್ಚಿಯಿಂದ ಎದ್ದು ಸ್ಟೇಜಿನ ಮುಂದೆ ಬಂದು ಹಲ್ಲಿನಿಂದ ಗಂಟು ಬಿಚ್ಚಿದಳು. ಮುಂದಿನ ಸಾಲಿನವರು ಮೂಗು ಮುಚ್ಚಿ ಹಿಂದಕ್ಕೆ ಸರಿದರು. ಮಗುವೊಂದು ಇಂಗ್ಲಿಷಿನಲ್ಲಿ ಏನೋ ಕೇಳಿತು, ತಾಯಿ ಅದರ ಕಣ್ಣು ಮುಚ್ಚಿದಳು. ಹಾಲಿನಲ್ಲಿ ಮೊದಲು ಕೇಳಿಬಂದದ್ದು ಡಬ್ಬಿ ಹಿಡಿದು ನಿಂತಿದ್ದ ಒಬ್ಬ ಹಿರಿಯರ ಮಾತು.

"ಈ ಕೈಯಲ್ಲೇ ವಡೆ ಮಾಡಿದ್ದಾ?"

"ಇಲ್ಲ ಸ್ವಾಮಿ," ಲಿಂಗಮ್ಮ ಹೇಳಿದಳು, "ವಡೆ ಮಾಡ್ವಾಗ್ಲೇ ಇಂಗಾಗಿದ್ದು."

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕಮಿಟಿಯವರು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪೊಲೀಸು ಬಂದರೆ ನಮ್ಮವರ ಹೆಸರು ಕೆಡುತ್ತದೆ, ಮೊದಲು ನಾವು ನಾವೇ ಕೂತು ಮಾತಾಡೋಣ ಎನ್ನುವುದು ಹೊರಗೂ ಕೇಳುತ್ತಿತ್ತು. ನವ್ಯಾ ಆ ಬಾಗಿಲನ್ನೊಮ್ಮೆ ನಮ್ಮನ್ನೊಮ್ಮೆ ನೋಡುತ್ತ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು.

"ಮೊನ್ನೆ ನಾನು ಬಂದಾಗ್ಲೇ ಯಾಕೆ ಹೇಳಲಿಲ್ಲ ಆಂಟಿ?"

"ನೀ ಅಲ್ಲಿದ ಕೇಳಿದೆವ್ವಾ."

ಆ ಶಾಲೆಯ ನೆಲ ಒರೆಸುವ ಮೆಕ್ಸಿಕೋದ ಹೆಂಗಸು ಕಸದ ಚೀಲ ಬದಲಿಸಲು ಒಳಗೆ ಬಂದಿದ್ದಳು. ನಮ್ಮ ಮಾತು ಅವಳಿಗೆ ಒಂದೂ ತಿಳಿಯದು. ಲಿಂಗಮ್ಮನ ಕೈ ನೋಡಿದಳು, ಚೀಲವನ್ನು ಅಲ್ಲೇ ಬಿಟ್ಟಳು, ಫೋನು ತೆಗೆದಳು. ಯಾರನ್ನೂ ಕೇಳಲಿಲ್ಲ. ಆಂಬುಲೆನ್ಸ್ ಬರುವವರೆಗೆ ಲಿಂಗಮ್ಮನನ್ನು ತನ್ನ ತಳ್ಳುಗಾಡಿಯ ಪಕ್ಕ ಕೂರಿಸಿಕೊಂಡು ಬೆನ್ನು ಸವರುತ್ತಿದ್ದಳು. ಸೈರನ್ ಕೇಳಿದಾಗ ಕಮಿಟಿಯವರ ಬಾಗಿಲು ತೆರೆಯಿತು.

ಆಸ್ಪತ್ರೆಯಲ್ಲಿ ಹೆಸರು ಕೇಳಿದರು, ಎಲ್ಲಿ ನೋವು ಎಂದು ಕೇಳಿದರು. ಪಾಸ್‌ಪೋರ್ಟ್ ಕೇಳಲಿಲ್ಲ.

ಈಗ ನಾನೂ ಲಿಂಗಮ್ಮನೂ ಆ ಹೆಂಗಸಿನ ಪರಿಚಯದ ಚರ್ಚಿನ ಹಿಂದಿನ ಕೋಣೆಯಲ್ಲಿದ್ದೇವೆ. ಒಬ್ಬ ವಕೀಲೆ ಬಂದು ಎಲ್ಲ ಬರೆದುಕೊಂಡು ಹೋದಳು. ಹೊತ್ತು ಹಿಡಿಯುತ್ತದೆ ಅಂದಳು. ನವ್ಯಾ ಒಮ್ಮೆ ಕಂಬಳಿ ತಂದುಕೊಟ್ಟಳು, ಫೋಟೋ ತೆಗೆಯಲಿಲ್ಲ. ವೆಂಕಟಮ್ಮ ಗ್ಯಾರೇಜಿಗೆ ವಾಪಸು ಹೋದಳು, ಅವಳಿಗೆ ಬೇರೆ ದಾರಿ ಇರಲಿಲ್ಲ. ಮೌಂಟನ್ ವ್ಯೂಗೆ ಡಬ್ಬಿ ಹೋಗುತ್ತಲೇ ಇದೆಯಂತೆ. ಅವಳು ಗುಟ್ಟಾಗಿ ಫೋನು ಮಾಡಿ ಇನ್ನೊಂದು ಹೇಳಿದಳು. ಇನ್ನು ಮುಂದೆ ಯಾವ ಡಬ್ಬಿಯನ್ನೂ ಬೋರಲು ಇಡಕೂಡದು ಎಂದು ಶಿವಪ್ರಕಾಶ್ ಅಪ್ಪಣೆ ಮಾಡಿದ್ದಾನಂತೆ. ತೊಳೆದ ನೀರು ಒಳಗೇ ನಿಂತು ಮುಗ್ಗಲು ವಾಸನೆ ಹಿಡಿದರೂ ಚಿಂತೆಯಿಲ್ಲ, ಅಂಗಾತವೇ ಇಡಬೇಕಂತೆ. ದಿನಾ ಸಂಜೆ ತಾನೇ ಇಳಿದು ಬಂದು ರ್‍ಯಾಕು ನೋಡಿ ಹೋಗುತ್ತಾನಂತೆ.

ನಮ್ಮ ಕೆಲಸ ಹೋಯಿತು. ಪಾಸ್‌ಪೋರ್ಟ್ ಇನ್ನೂ ಅವನ ಹತ್ತಿರವೇ ಇದೆ. ಲಿಂಗಮ್ಮನ ಬಲಗೈಯ ಎರಡು ಬೆರಳು ತೆಗೆದರು. ಮೂರು ಉಳಿದಿವೆ.