ರೈಟರ್ ಕೂಗಿದ ಹಾಜರಿ

"ಈಗ ಬೊನಿಫಾಸ್ ಅವರು ಮಾತಾಡ್ತಾರೆ" ಎಂದು ಮೈಕಿನಲ್ಲಿ ಹೇಳಿದ್ದೇ ತಡ, ಬೊನಿಫಾಸ್ ಜೇಬಿನ ಕಾಗದ ಮುಟ್ಟಿ ನೋಡಿಕೊಂಡು ಎದ್ದ. ಹೆತ್ತೂರಿನ ಗ್ರಾಮಸಭೆಯ ಮೊದಲ ಸಾಲಿನಲ್ಲೇ ಅವನು ರೈಟರಾಗಿದ್ದ ಎಸ್ಟೇಟಿನ ಸಾಹುಕಾರ ಮಹಾದೇವಯ್ಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅನ್ನ ಕೊಟ್ಟವರ ಎದುರೇ ನಿಂತು, ನಿಮ್ಮ ತೋಟದ ಗೇಟು ತೆಗೆಸಿ ಅಂತ ಕೇಳಬೇಕಲ್ಲ, ಗ್ರಹಚಾರ!

ತೋಟದೊಳಗೆ ಹಾದು ಶಾಲೆಗೆ ಹೋಗುವ ದಾರಿಯ ಗೇಟಿಗೆ ಎರಡು ವರ್ಷದ ಹಿಂದೆ ಬೀಗ ಬಿದ್ದ ಮೇಲೆ, ಆಳುಗಳ ಲೈನ್ ಮನೆಗಳ ಮಕ್ಕಳು ಕಾಡಂಚಿನ ದಾರಿ ಸುತ್ತಿ ಶಾಲೆಗೆ ಹೋಗುತ್ತಿದ್ದರು. ಮೊನ್ನೆ ಬೆಳಿಗ್ಗೆ ಅಲ್ಲಿ ಆನೆ ಎದುರಾಗಿ, ಬ್ಯಾಗು ಬಿಸಾಕಿ ಓಡಿಬಂದಿದ್ದವು. ಲೈನಿನ ತಾಯಂದಿರು, ದಿನಾ ದೊಡ್ಡ ದನಿಯಲ್ಲಿ ಆಳುಗಳ ಹಾಜರಿ ಕೂಗುವ ರೈಟರನ್ನೇ ಮಾತಾಡಲು ಹಿಡಿದರು. ಕೂಗುವುದು ಬೇರೆ, ಒಪ್ಪಿಸುವುದು ಬೇರೆ ಎಂದು ಅವರಿಗೆ ಯಾರು ಹೇಳಬೇಕು!

"ಕಾಗದ ನೋಡ್ಬೇಡಿ ಮಾರಾಯ್ರೆ, ಮುಖ ನೋಡಿ ಹೇಳಿ," ಎಂದು ಹೆಂಡತಿ ರೀಟಾ ಹೇಳಿಕೊಟ್ಟಿದ್ದಳು. ಮುಖ ನೋಡಿದ. ಅಷ್ಟೇ, ಬಾಯಿಪಾಠ ಮಾಡಿದ್ದೆಲ್ಲ ಮರೆತೇ ಹೋಯಿತು. "ಮಾನ್ಯರೇ..." ಎಂದ. ಮತ್ತೆ "ಮಾನ್ಯರೇ" ಎಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಆಗ ಬಾಯಿಗೆ ಬಂದದ್ದು ಇಪ್ಪತ್ತೆರಡು ವರ್ಷದ ಅಭ್ಯಾಸವೊಂದೇ. "ಸೌಜನ್ಯ!" ಎಂದು ಕೂಗಿಬಿಟ್ಟ.

ತಾಯಿಯ ಪಕ್ಕ ಕೂತಿದ್ದ ಹುಡುಗಿ ದಡಕ್ಕನೆ ಎದ್ದಳು. "ಇದೀನಿ ಸಾರ್."

"ಧರ್ಮ!"

"ಇದೀನಿ ಸಾರ್."

ಹೀಗೆ ಹದಿನಾಲ್ಕು ಮಕ್ಕಳೂ ಎದ್ದು ನಿಂತವು. ನಕ್ಕವರು ಕತ್ತು ಚಾಚಿ ಮಕ್ಕಳನ್ನು ನೋಡಿದರು. "ಇವ್ರೇ ಸಾರ್, ದಿನಾ ಆನೆ ದಾರೀಲಿ ಹೋಗೋರು. ನಾಳೆ ಹಿಂಗೇ ಕೂಗ್ದಾಗ ಒಂದು ಹೆಸ್ರಿಗೆ ಉತ್ರ ಬರ್ದಿದ್ರೆ ನಾನೇನ್ ಬರ್ಕೊಳ್ಲಿ?" ಎಂದು ಸಾಹುಕಾರರನ್ನೇ ಕೇಳಿದ. ಕೆಲಸ ಹೋದರೂ ಹೋಗಲಿ ಅನ್ನಿಸಿತು.

ಮಹಾದೇವಯ್ಯ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿ, ಮೆಲ್ಲಗೆ ಎದ್ದರು. "ಅಲ್ಲ ಕಣ್ರೀ ರೈಟ್ರೆ, ಮೆಣಸು ಕಳ್ಳತನ ಆಗ್ತೈತೆ, ಬೀಗ ಹಾಕ್ಸಿ ಅಂದೋರು ನೀವು. ಕೀನೂ ನಿಮ್ಮ ಹತ್ರಾನೇ ಐತೆ. ಮಕ್ಳು ಸುತ್ಕೊಂಡು ಹೋಗ್ತವೆ ಅಂತ ಒಂದಿನಾನಾದ್ರೂ ನಂಗೆ ಹೇಳಿದ್ರಾ? ಹೇಳಿದ್ರೆ ಬ್ಯಾಡ ಅಂತಿದ್ನಾ?"

ಬೊನಿಫಾಸನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಹೆದರ್ಕೊಂಡಿದ್ದೆ ಸಾರ್," ಎಂದ. ಆ ಮಾತು ಮೈಕಿನಲ್ಲಿ ಕೊನೆಯ ಸಾಲಿನವರೆಗೂ ಕೇಳಿಸಿತು.

ಜೇಬಿನಿಂದ ಕೀ ತೆಗೆದು, ಸೌಜನ್ಯಳ ತಾಯಿ ಪಂಕಜಾಕ್ಷಿಯ ಬಳಿ ಹೋಗಿ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಕೂರಿ ಅಂತ ಯಾರೂ ಹೇಳಿರಲಿಲ್ಲ. ಮಕ್ಕಳು ಇನ್ನೂ ನಿಂತೇ ಇದ್ದವು.